ಹದಿನೇಳನೆಯದು

ಹದಿನಾರು ಸತ್ತವು.
ಮೊದಲನೆಯದು ಕೋಲಿನ ಒಂದೇ ಏಟಿಗೆ,
ಆರನೆಯದು ಅಚ್ಚಿನ ಕಾವಿನಲ್ಲೇ, ರಬ್ಬರು ಬೇಯುವಾಗ.
ಫೈಫ್ ಕಡಲಂಚಿನಲ್ಲಿ, ಹೆರಿಂಗ್ ಮೀನಿನ ವಾಸನೆ ಇನ್ನೂ ಬಿಡದ ಶೆಡ್ಡಿನಲ್ಲಿ
ಸ್ಟ್ರೂಅನ್ ಗೆಡ್ಡಿಸ್ ಒಂದೊಂದನ್ನೂ ಗರಗಸದಿಂದ ಸೀಳಿ
ಭೂತಗನ್ನಡಿ ಹಿಡಿದು ಹುಡುಕಿದ,
ಬೆಸುಗೆ ಎಲ್ಲಿ ಬಿಟ್ಟಿತೆಂದು.

ಹದಿನೇಳನೆಯದಕ್ಕೆ
ಅಕ್ಕಿಕಾಳಿನಷ್ಟು ಚಿಪ್, ಕೂದಲೆಳೆಯ ತಂತಿ,
ಸುತ್ತ ಮೆತ್ತನೆ ಅಂಟು.
ಹೊಡೆದ.
ಗಾಳಿ ಕಸಿದುಕೊಂಡು
ಹಳದಿ ಹೂವಿನ ಮುಳ್ಳುಪೊದೆಗೆ ಎಸೆಯಿತು.
ಫೋನು ಕೂಗಿತು: ಬದುಕಿದೆ!

ಮೊಣಕೈ ತರಚಿತು, ಟೋಪಿ ಹೋಯಿತು.
ಸಿಕ್ಕಿದ್ದು ಮೊಲದ ಬಿಲ, ಯಾರದೋ ಎಡಗೈ ಗವಸು.
ಅಷ್ಟರಲ್ಲಿ ಪರದೆಯ ಚುಕ್ಕೆ
ಮೆಲ್ಲಗೆ ನಡೆಯತೊಡಗಿತು.
ಕಲ್ಲುಗೋಡೆ ದಾಟಿತು, ಚರ್ಚು ದಾಟಿತು,
ಬೇಕರಿಯ ಮುಂದೆ ತುಸು ನಿಂತಿತು
ಯಾರೊಡನೆಯೋ ಮಾತಿಗೆ ಸಿಕ್ಕ ಹಾಗೆ.

ಅಡುಗೆಮನೆಯ ಬಾಗಿಲು ತೆರೆದೇ ಇತ್ತು.
ಎಫಿ ಲಮ್ಸ್‌ಡೆನ್, ಎಂಬತ್ತೊಂದು ವರ್ಷ,
ಅದರಲ್ಲಿ ಅರವತ್ತು ಕಳೆದುಹೋದ ಚೆಂಡುಗಳ ಹಿಂದೆ.
ಮೊಟ್ಟೆಯ ಟ್ರೇ ತುಂಬ ಒರೆಸಿಟ್ಟ ಸಾಲು.
ಒಂದನ್ನು ಕಿವಿಗೆ ಹಿಡಿದು ಹೇಳಿದಳು:
"ಇದರೊಳಗೆ ಜೀರುಂಡೆ ಹೊಕ್ಕಿದೆ ಕಣೋ.
ಎಲ್ಲದರ ಹಾಗೆ ಇದಕ್ಕೂ ಐವತ್ತು ಪೆನ್ಸ್.
ಆಯ್ತು, ಕೂಗುತ್ತದಲ್ಲ,
ಹತ್ತು ಬಿಡುತ್ತೇನೆ."