ಒಂದು ರಕಾರ

ಸೊಹಾರ್‌ನ ಕೋರ್ಟಿನ ಎದುರು ಓಣಿ,
ಲಾಂಡ್ರಿಯ ಪಕ್ಕ ನನ್ನ ಟೈಪಿಂಗ್ ಅಂಗಡಿ.
ವೀಸಾ ಅರ್ಜಿ, ಬಾಡಿಗೆ ಕರಾರು, ಮರಣಪತ್ರ;
ಕರೆ ಬಂದರೆ ಕಟಕಟೆಯ ಬದಿ ನಿಂತು
ಭಾಷಾಂತರ, ಗಂಟೆಗೆ ಇಷ್ಟು ಅಂತ.

ಮಾಳಿಂಗ ಇಂಡಿ ಕಡೆಯವನು, ನಾನು ಕುಂದಾಪುರದವನು.
ಇಬ್ಬರದೂ ಕನ್ನಡ ಎಂದು ಫೈಲಿನಲ್ಲಿತ್ತು.
ಗೋದಾಮಿನಿಂದ ಹೋದದ್ದು ಹನ್ನೊಂದು ಸುರುಳಿ ತಾಮ್ರದ ಕೇಬಲ್.
ಅವನು ಮಾರಿದ್ದು ಎರಡು.
ಉಳಿದ ಒಂಬತ್ತಕ್ಕೆ ಕಾಲು ಬಂದದ್ದು ಫೋರ್‌ಮನ್‌ಗೆ ಗೊತ್ತು.
ಆಚೆಯ ಗುಡ್ಡಗಳು ಏನೂ ಅನ್ನುವುದಿಲ್ಲ,
ತಾಮ್ರ ಕಳಕೊಂಡು ಅವಕ್ಕೆ ಸಾವಿರಾರು ವರ್ಷದ ರೂಢಿ.

"ನಾ ಒಪ್ಪಿದ್ರ ಆರ ತಿಂಗಳಂತ್ರಿ,
ಕಂಪನಿ ವಕೀಲ್ರು ಅಂದಾರ್ರಿ."
ನ್ಯಾಯಾಧೀಶರು ಗಡಿಯಾರ ನೋಡಿದರು.
ಅರಬ್ಬಿಯಲ್ಲಿ ಷರತ್ತು ಮೊದಲೇ ಬಂದು
ಕಾವಲುಗಾರನ ಹಾಗೆ ಬಾಗಿಲಲ್ಲಿ ನಿಲ್ಲುತ್ತದೆ.
ನಮ್ಮಲ್ಲಿ ಅದು ಕ್ರಿಯಾಪದದ ಬಾಲ ಹಿಡಿದು
ಕೊನೆಗೆ ನುಸುಳುತ್ತದೆ,
ಅವನ ಊರಲ್ಲಂತೂ ಬರೀ ಒಂದು ರಕಾರ.
ಅದು ಬರುವ ಮೊದಲೇ ನಾನು ಬಾಗಿಲು ಹಾಕಿದ್ದೆ.
"ಒಪ್ಪಿದ್ದಾನೆ" ಅಂದೆ.

ಮೂರು ವರ್ಷ. ಆಮೇಲೆ ಗಡೀಪಾರು.
ಅದನ್ನೂ ನಾನೇ ಕನ್ನಡಕ್ಕೆ ತಂದೆ, ಒಂದಕ್ಷರ ಬಿಡದೆ.
ಮಾಳಿಂಗ ನ್ಯಾಯಾಧೀಶರನ್ನು ನೋಡಲಿಲ್ಲ,
ನನ್ನ ಬಾಯಿಯನ್ನೇ ನೋಡಿದ.

ಅವನ ಅಕ್ಕ ನೀಲವ್ವ ಫೋನಿನಲ್ಲಿ:
"ಎರಡ ಕದ್ದಾನ್ರಿ ಅಂವ. ಎರಡಕ್ಕ ಎಷ್ಟ ಆಗತೈತಿ
ಅಷ್ಟ ಹಾಕ್ಲಿ. ನಾ ಬ್ಯಾಡ ಅಂದೇನೇನ?"

ಮೇಲ್ಮನವಿಯ ವಕೀಲರಿಗೆ ಹಲ್ಲುನೋವು,
ಕೆನ್ನೆ ಹಿಡಿದೇ ಹೇಳಿದರು:
ಒಪ್ಪಿಕೊಂಡವನಿಗೆ ಬಾಗಿಲು ಕಿರಿದು.
ಒಪ್ಪಿಗೆಗೆ ಷರತ್ತಿತ್ತು ಎಂದು ಯಾರಾದರೂ ಹೇಳಬೇಕು.
ಯಾರು ಕೇಳಿಸಿಕೊಂಡವರು?

ಆ ಕೋಣೆಯಲ್ಲಿ ಕನ್ನಡ ಇದ್ದದ್ದು ಇಬ್ಬರಿಗೆ.

ಶನಿವಾರ ರಾತ್ರಿ. ಗಡುವಿಗೆ ಉಳಿದದ್ದು ನಾಳೆಯೊಂದೇ.
ಶಟರ್ ಅರ್ಧ ಇಳಿಸಿ ಕೂತಿದ್ದೇನೆ,
ಲಾಂಡ್ರಿಯ ಉಗಿಗೆ ಗೋಡೆ ಬೆವರುತ್ತಿದೆ.
ಮೊದಲು ಕನ್ನಡದಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ:
ನಾನು ತಪ್ಪು ಒಪ್ಪಿದರೆ

ಪರವಾನಗಿ, ಈ ಅಂಗಡಿ, ಮಗಳ ಶಾಲೆಯ ಫೀಸು,
ಆ ಒಂದು 'ರೆ'ಯ ಹಿಂದೆ
ಮೈಗೆ ಮೈ ತಾಗಿಸಿ ಸಾಲು ನಿಂತಿವೆ.

ಅಳಿಸಿದೆ. ಮತ್ತೆ ಹಾಕಿದೆ.
ಚಹಾ ತಣ್ಣಗಾಗಿ ಕೆನೆ ಕಟ್ಟಿತು.
ಅಳಿಸಿದೆ.
ನಾನು ತಪ್ಪು ಒಪ್ಪಿದೆ.
ಬಾಲ ಕಳೆದ ಪದ ಎಷ್ಟು ಸಣ್ಣಗೆ ಕಾಣುತ್ತದೆ ತೆರೆಯ ಮೇಲೆ,
ಇದನ್ನು ಅರಬ್ಬಿಗೆ ತರುವುದೇನೂ ಕಷ್ಟವಲ್ಲ.

ಕೌಂಟರ್ ತೆರೆಯುವುದು ಏಳೂವರೆಗೆ.
ಮುದ್ರೆಯ ಹಣ ಸರಿಯಾದ ಚಿಲ್ಲರೆಯಲ್ಲೇ ಕೊಡಬೇಕು,
ಇಲ್ಲವಾದರೆ ಗುಮಾಸ್ತ ಬೈಯುತ್ತಾನೆ.
ಡ್ರಾಯರ್ ಎಳೆದು ನಾಣ್ಯ ಎಣಿಸುತ್ತೇನೆ.