ಬಲಗಿವಿಯ ಕಣ್ಣು

ಮಲ್ಪೆಯ ಬೋಟುಗಳೆಲ್ಲ ದಕ್ಕೆಯಲ್ಲಿ
ಹೆಗಲಿಗೆ ಹೆಗಲು ತಾಗಿಸಿ ನಿದ್ದೆ ಹೋಗುವ ಎರಡು ತಿಂಗಳು
ನನಗೂ ಕೆಲಸವಿಲ್ಲ.
ಮೀನು ಹುಡುಕುವ ಪೆಟ್ಟಿಗೆ, ವಯರ್‌ಲೆಸ್ಸು,
ಉಪ್ಪುಗಾಳಿ ತಿಂದು ಕೆಟ್ಟದ್ದೆಲ್ಲ ರಿಪೇರಿ ಮಾಡುವವನು
ಈ ಸಲ ನನಗೆಂದೇ ಒಂದು ಕಟ್ಟಿಕೊಂಡೆ:
ಎರಡು ಕಿವಿಗೆ ಎರಡು ವಾಲ್ವು,
ಗಂಗಾಮಾತೆ ಬೋಟಿನವರು ಬಿಸಾಡಿದ ಅಲ್ಯೂಮಿನಿಯಂ ಡಬ್ಬ,
ಗುಜರಿ ರೇಡಿಯೋದಿಂದ ಕಿತ್ತ ಟ್ರಾನ್ಸ್‌ಫಾರ್ಮರು.
ಹೆಡ್‌ಫೋನಿಗೆ ಮಾತ್ರ.
ಗೋಡೆಯಾಚೆ ಮೂರು ಗಂಟೆಗೆ ಏಳುವವರು ಮಲಗಿರುತ್ತಾರೆ.

ಸ್ವಿಚ್ಚು ಹಾಕಿದರೆ ಎರಡೂ ಕೆಂಪಗಾದವು,
ಬೀಡಿಯ ತುದಿಯಷ್ಟು.
ಎಡಗಿವಿಗೆ ತಬಲ ಬಂತು, ಪಿಟೀಲು ಬಂತು.
ಆ ಹಳೆಯ ರೆಕಾರ್ಡಿನಲ್ಲಿ ಹಾಡುವವಳು ಬಲಗಡೆ ನಿಂತವಳು.
ಅವಳು ಬರಲಿಲ್ಲ.
ಅವಳಿಗೆ ಜಾಗ ಬಿಟ್ಟು ಪಿಟೀಲು ಕಾಯುತ್ತದೆ,
ಯಾರೂ ಹಾಡದ ಸಾಲಿಗೆ
ತಬಲ ಭೇಷ್ ಅನ್ನುತ್ತದೆ.

ವಾಲ್ವು ಅದಲು ಬದಲು ಮಾಡಿದೆ,
ಬಿಸಿ ಆರುವಷ್ಟು ಕಾದು, ಬೈರಾಸಿನಲ್ಲಿ ಹಿಡಿದು.
ಮೌನ ಬಲಗಡೆಯೇ ಕೂತಿತ್ತು.
ಒಳಬರುವ ತಂತಿ ಆಚೀಚೆ ಮಾಡಿದೆ:
ಎಡಗಿವಿಗೆ ಅವಳು ಬಂದಳು,
ಈಗ ತಬಲದವನು ನಾಪತ್ತೆ.
ಹೆಡ್‌ಫೋನನ್ನೇ ತಿರುಗಿಸಿ ಹಾಕಿಕೊಂಡೆ.
ಮೌನ ಎದ್ದು ಎಡಕ್ಕೆ ಬಂತು.
ಸದ್ಯ, ಕಿವಿ ಸರಿಯಿದೆ.
ಡೀಸೆಲ್ ಇಂಜಿನಿನ ಪಕ್ಕ ಐವತ್ತು ದಾಟಿದವನಿಗೆ
ಅದೂ ಒಂದು ಸಮಾಧಾನ.

ಇನ್ನು ಮೀಟರು. ನೂರೈವತ್ತು ವೋಲ್ಟು.
ಒಂದು ಕೈ ಜೇಬಿನಲ್ಲಿರಲಿ ಎಂದು ಗುರುಗಳ ಪಾಠ;
ಲುಂಗಿಗೆ ಜೇಬೆಲ್ಲಿ?
ಎಡಗೈಯನ್ನು ಸೊಂಟದ ಮಡಿಕೆಗೆ ಸಿಕ್ಕಿಸಿ
ಬಲಗೈಯ ಮುಳ್ಳು ಊರಿದೆ.
ಎಡದ ಪ್ಲೇಟಿನಲ್ಲಿ ಎಂಬತ್ತೆಂಟು.
ಬಲದಲ್ಲಿ ನೂರೈವತ್ತಕ್ಕೆ ನೂರೈವತ್ತು,
ಮುರಿಸದೆ ಇಟ್ಟ ನೋಟಿನ ಹಾಗೆ.
ಅಂದರೆ ಉರಿಯುತ್ತಿದೆ,
ಹರಿಯುತ್ತಿಲ್ಲ.

ಇಷ್ಟು ತಿಳಿದ ಮೇಲೂ ಮೂರು ರಾತ್ರಿ.
ಮುಳ್ಳು ಒತ್ತಿದಲ್ಲೆಲ್ಲ ಲೆಕ್ಕ ಸರಿ;
ಎತ್ತಿದರೆ ಮತ್ತೆ ಮೌನ.
ಡಾಕ್ಟರು ಬಂದ ಕೂಡಲೇ ಜ್ವರ ಬಿಡುವ ಮಗುವಿನಂತೆ.
ಬೆಸುಗೆ ನೋಡಿದೆ, ಒಂದೊಂದನ್ನೂ.
ನಾನೇ ಹಾಕಿದ್ದು. ನನ್ನ ಕಣ್ಣಿಗೆ
ಎಲ್ಲವೂ ಚಂದ.

ನಾಲ್ಕನೆಯ ಬೆಳಿಗ್ಗೆ ಅಪ್ಪಿಯಕ್ಕ ಬುಟ್ಟಿ ಇಳಿಸಿದಳು.
“ಬೂತಾಯಿ ಬೇಕಾ? ನಾಡದೋಣಿಯದ್ದು, ಈಗ ಬಂದದ್ದು.”
ಹೊಟ್ಟೆ ಮೇಲೆ ಮಾಡಿ ಮಲಗಿದ್ದ ಡಬ್ಬ ಕಂಡು,
“ಇದೆಂತ ಮಾರಾಯ?” ಎಂದು
ಭೂತಗನ್ನಡಿಗೆ ಕಣ್ಣು ಕೊಟ್ಟಳು.
ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.
ಆಮೇಲೆ, ಬುಟ್ಟಿಯಿಂದ ಒಂದನ್ನು ಎತ್ತಿ ಬಿಸಾಡುವ ಸ್ವರದಲ್ಲಿ:
“ಇದು ಹಳತು. ಕಣ್ಣು ಸತ್ತಿದೆ ನೋಡು.”

ಐಸಿನಲ್ಲಿ ಎರಡು ದಿನ ಇಟ್ಟು ತಾಜಾ ಅಂದರೆ
ನಲವತ್ತು ವರ್ಷದಲ್ಲಿ ಒಮ್ಮೆಯೂ ನಂಬದವಳು.
ನೋಡಿದೆ.
ಉಳಿದವೆಲ್ಲ ಉಬ್ಬಿ ಮಿನುಗುತ್ತಿದ್ದವು;
ಇದೊಂದು ಬೂದಿ ಬಣ್ಣ, ಒಳಗಿಳಿದದ್ದು,
ಸುತ್ತ ಕೂದಲೆಳೆಯಷ್ಟು ಬಿರುಕು.
ಬಲದ ಕ್ಯಾಥೋಡಿನ ಕಾಲು.

ಪ್ಲಗ್ಗು ಕಿತ್ತು, ಕೆಪಾಸಿಟರು ಬರಿದಾಗುವ ತನಕ
ಬಂಗುಡೆಯ ಕ್ರಯ ಮಾತಾಡಿದೆವು.
ಬುಟ್ಟಿಯ ವಾಸನೆಯೊಳಗೆ ರಾಳದ ಹೊಗೆ ಎದ್ದಿತು.
ಸೀಸ ಕರಗಿ, ನಡುಗಿ, ಕಣ್ಣು ಬಿಟ್ಟಿತು.

ಮೊದಲು ಕೇಳಿದವಳು ಅವಳೇ.
ಒದ್ದೆ ಕೈ ಸೆರಗಿಗೆ ಒರೆಸಿ, ಹೆಡ್‌ಫೋನು ಏರಿಸಿ,
ಸಿಂಬಿ ಇಡುವ ನೆತ್ತಿಯ ಮೇಲೆ ಪಟ್ಟಿ ಸರಿ ಮಾಡಿಕೊಂಡು
ಕೂಗಿ ಹೇಳಿದಳು, ಗೋಡೆಯಾಚೆಯವರಿಗೂ ಕೇಳುವಂತೆ:
“ಇವಳು ಹಾಡುವ ಮೊದಲು ಉಸಿರು ಎಳೆಯುತ್ತಾಳೆ,
ನಾವು ಬುಟ್ಟಿ ಎತ್ತುವ ಮೊದಲು ಎಳೆದ ಹಾಗೆ!”

ಬೂತಾಯಿಗೆ ಒಂದು ರೂಪಾಯಿ ಬಿಡಲಿಲ್ಲ.

ರಾತ್ರಿ ನೋಡಿದರೆ ಬಲಗಡೆಯ ಮೆತ್ತೆಯಲ್ಲಿ
ಮೀನಿನ ಹುರುಪೆ ಒಂದು ಅಂಟಿತ್ತು,
ಒಣಗಿದ್ದರೂ ಹೊಳೆಯುತ್ತಾ.
ತೆಗೆಯಲು ಉಗುರು ಚಾಚಿದೆ.
ಅಷ್ಟರಲ್ಲಿ ಅವಳು
ಉಸಿರು ಎಳೆದಳು.