ಬೇರೆ ಕೆರೆ

ನಾಪೋಕ್ಲು ಶಾಲೆಯ ಕಿಟಕಿಯಲ್ಲಿ
ಹಾರ್ಲಿಕ್ಸ್ ಬಾಟಲಿ ತುಂಬ ಕೆರೆಯ ನೀರು.
ಪಾಚಿಯ ಎಳೆಗೆ ಅಂಟಿಕೊಂಡು ಒಂದು ಹೈಡ್ರಾ,
ನೂಲಿನ ತುಂಡಿಗೆ ಆರು ಬೆರಳು ಮೂಡಿದ ಹಾಗೆ.

ಮಂಗಳವಾರ ಅದರ ಸೊಂಟಕ್ಕೊಂದು ಗುಬುಟು.
ಗುರುವಾರ ಗುಬುಟಿಗೂ ಬೆರಳು.
ಶನಿವಾರ ಎರಡು ಹೈಡ್ರಾ, ಅಷ್ಟೇ;
ಮದುವೆಯಿಲ್ಲ, ಬೇನೆಯಿಲ್ಲ, ತೊಟ್ಟಿಲಿಲ್ಲ.
"ಮಿಸ್, ಇದರಲ್ಲಿ ಅವ್ವ ಯಾವುದು?"
ಬೊಳ್ಳವ್ವನ ಪ್ರಶ್ನೆ ಪುಸ್ತಕದಲ್ಲಿರಲಿಲ್ಲ.
ಪುಣ್ಯಕ್ಕೆ ಗಂಟೆ ಹೊಡೆಯಿತು.

ಅವಳದು ಅಪ್ಪನ ಕಿವಿ, ಅಜ್ಜಿಯ ಓರೆ ಹಲ್ಲು.
ಸಿಟ್ಟು ಯಾರದೋ, ಇನ್ನೂ ಪತ್ತೆಯಾಗಿಲ್ಲ.

ತೋಟದಿಂದ ಒಂದು ಕಾಫಿ ಎಲೆ ತಂದಳು:
ನರದ ಗುಂಟ ಹಸಿರು ತಿಗಣೆ, ಎಲ್ಲವೂ ಹೆಣ್ಣು.
ಗಂಡಿನ ಮುಖ ಕಾಣದೆ ಹೆತ್ತವು,
ಹುಟ್ಟಿದವೂ ಹಾಗೇ ಹೆತ್ತವು.
ಕಕ್ಕಡದ ಮಳೆಗೆ ಬಿಳಿ ಬೂಷ್ಟು ಬಂತು;
ಒಂದು ಬಾಗಿಲು ತೆರೆದ ಕೀಲಿಕೈ
ಎಲ್ಲ ಬಾಗಿಲಿಗೂ ಹೊಂದಿತು.
ಎಲೆಯ ಮೇಲೆ ಈಗ ಬರೀ ಸುಣ್ಣದ ಚುಕ್ಕೆ.

ಆ ರಾತ್ರಿ ನಾಟಿಗದ್ದೆಯಲ್ಲಿ
ಗಂಡುಕಪ್ಪೆಗಳು ಗಂಟಲು ಹರಿಯುವಂತೆ ಕರೆದವು.
ಕೂಗಿದವನ ವಿಳಾಸ ಗೂಬೆಗೂ ಸಿಗುತ್ತದೆ.
ಆದರೂ ಕೂಗುತ್ತಾನೆ.
ಅವಳೋ, ಹತ್ತಿರದವನನ್ನು ಬಿಟ್ಟು
ಮೂರು ಬದು ದಾಟಿ ಹೋಗುತ್ತಾಳೆ.

ಡಿಸೆಂಬರ್. ಗಾಜಿನ ಮೇಲೆ ಮಂಜು.
ಬಾಟಲಿಯಲ್ಲಿ ಹದಿನೇಳು ಹೈಡ್ರಾ, ಹದಿನೇಳೂ ಒಂದೇ.
ನೀರು ತಣ್ಣಗಾಗಿ ಗುಬುಟು ಏಳುವುದು ನಿಂತಿದೆ.
ಬೊಳ್ಳವ್ವ ಲೆನ್ಸಿಗೆ ಕಣ್ಣಿಟ್ಟು ಉಸಿರು ಹಿಡಿದಳು.
"ಮಿಸ್, ಮೊಟ್ಟೆ!
ಇಷ್ಟು ದಿನ ಒಬ್ಬಳೇ ಇದ್ದಳಲ್ಲ,
ಈಗ ಯಾರನ್ನು ಕಾಯುತ್ತಿದ್ದಾಳೆ?"

ಚಪ್ಪಲಿ ಮೆಟ್ಟಿ,
ಇನ್ನೊಂದು ಬಾಟಲಿ ತೊಳೆದುಕೊಂಡು
ಹೊರಟೆ,
ಬೇರೆ ಕೆರೆಗೆ.